ಯಂಕವ್ವ ಕಲಿಸಿದ ಮೂರು ದೆವ್ವ

ಹಿರೇಬೆಂಡಿಗೇರಿಯ ಯಂಕವ್ವನಿಗೆ ಅರವತ್ತೆರಡು ತುಂಬಿದ ವರ್ಷ ಬಲಗಣ್ಣಿಗೆ ಪೊರೆ ಬಂತು. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವಾಗ ಹಣ್ಣಾದದ್ದನ್ನೂ ಹಸಿಯದನ್ನೂ ಒಂದೇ ಬುಟ್ಟಿಗೆ ಹಾಕತೊಡಗಿದಳು. ಗಂಡ ಮಲ್ಲೇಶಪ್ಪ ಮೊದಲು ನಕ್ಕ, ಆಮೇಲೆ ಹೆದರಿದ. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಒಂದೂವರೆ ತಿಂಗಳು ಹೊಗೆಯ ಹತ್ತಿರ ಹೋಗಬೇಡ, ಬಗ್ಗಿ ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿ, ಮುಖದ ಅರ್ಧ ಮುಚ್ಚುವಂಥ ಕರಿ ಕನ್ನಡಕ ಕೊಟ್ಟರು. ಊರಲ್ಲಿದ್ದರೆ ಈಕೆ ಒಲೆಯ ಮುಂದೆ ಕೂರದೆ ಇರುವವಳಲ್ಲ ಎಂದು ಗೊತ್ತಿದ್ದ ಮಗಳು ಸುಜಾತಾ, ಆಸ್ಪತ್ರೆಯಿಂದ ನೇರವಾಗಿ ಹಾನಗಲ್ಲಿನ ತನ್ನ ಮನೆಗೆ ಕರೆತಂದಳು.

ಸುಜಾತಾ ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಅವಳ ಗಂಡ ಲೋಹಿತ ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಹೊರಟರೆ ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ಯಂಕವ್ವ ಒಬ್ಬಳೇ. ಅವಳು ಮೂರು ದಿನ ತಡೆದಳು.

"ಸುಜಾ, ನನಗ ಇಲ್ಲಿ ಗ್ವಾಡಿ ನೋಡೂದೊಂದ ಕೆಲಸ ಆಗೇತಿ. ಅದೂ ಒಂದ ಕಣ್ಣಾಗ," ಎಂದಳು ನಾಲ್ಕನೆಯ ದಿನ.

"ಮಧ್ಯಾಹ್ನ ನಮ್ಮ ಕಾಲೇಜಿಗೆ ಬಾ ಹಂಗಾರ. ನಾಟಕದ ತಾಲೀಮು ನಡದೈತಿ. ಸುಮ್ನ ಕುಂತ ನೋಡು."

ಬಿ.ಎ. ಕೊನೆಯ ವರ್ಷದವರಿಗೆ ಪರದೇಶದ ಒಂದು ಹಳೆಯ ದುರಂತ ನಾಟಕ ಪಠ್ಯವಾಗಿತ್ತು. ಇಂಗ್ಲಿಷಿನಲ್ಲಿ ಓದಿ ಹೇಳಿದರೆ ಅರ್ಧ ತರಗತಿ ಕಿಟಕಿಯ ಆಚೆ ನೋಡುತ್ತಿತ್ತು. ಹಾಗಾಗಿ ಸುಜಾತಾ ಬೇಸಿಗೆ ರಜೆಯಲ್ಲಿ ಕೂತು ಅದನ್ನು ಈ ಸೀಮೆಯ ಮಾತಿಗೆ ಇಳಿಸಿದ್ದಳು. ಕತೆ ದೊಡ್ಡದಲ್ಲ. ಯುದ್ಧ ಗೆದ್ದು ಮರಳುತ್ತಿರುವ ದಂಡನಾಯಕನಿಗೆ ಬಯಲಲ್ಲಿ ಮೂರು ದೆವ್ವಗಳು ಎದುರಾಗಿ, ನೀನು ಅರಸನಾಗುತ್ತೀ ಎನ್ನುತ್ತವೆ. ಅವನು ತನ್ನ ಮನೆಗೆ ಅತಿಥಿಯಾಗಿ ಬಂದ ಅರಸನನ್ನೇ ಕೊಂದು ಪಟ್ಟಕ್ಕೇರುತ್ತಾನೆ. ಪಟ್ಟ ಉಳಿಸಿಕೊಳ್ಳಲು ಮತ್ತೆ ಮತ್ತೆ ಕೊಲ್ಲುತ್ತಾನೆ. ಕಡೆಗೆ ತಾನೂ ಸಾಯುತ್ತಾನೆ.

ದಂಡನಾಯಕನಾಗಿ ಶಿವಯೋಗಿ ಎಂಬ ಎತ್ತರದ ಹುಡುಗನಿದ್ದ, ಚೆನ್ನಾಗಿಯೇ ಮಾಡುತ್ತಿದ್ದ. ತೊಂದರೆ ಇದ್ದದ್ದು ದೆವ್ವಗಳದು. ಮಲ್ಲಿಕಾ, ವಿದ್ಯಾ, ಮಾಹೀರಾ ಎಂಬ ಮೂವರು ಗೆಳತಿಯರು ಆ ಪಾತ್ರ ಕೇಳಿ ಪಡೆದಿದ್ದರು. ಕೂದಲು ಬಿಚ್ಚಿ ಮುಖದ ಮೇಲೆ ಚೆಲ್ಲಿಕೊಂಡು, ಮೊಬೈಲಿನ ಬ್ಯಾಟರಿ ಬೆಳಕನ್ನು ಗದ್ದದ ಕೆಳಗೆ ಹಿಡಿದು, ಟಿ.ವಿ. ಧಾರಾವಾಹಿಯ ದೆವ್ವದಂತೆ ಕಿರುಚುತ್ತಿದ್ದರು. ಎರಡನೆಯ ಕಿರುಚಾಟಕ್ಕೆ ಮಾಹೀರಾಳಿಗೆ ನಗು ಬರುತ್ತಿತ್ತು. ಅವಳು ನಕ್ಕರೆ ಉಳಿದಿಬ್ಬರೂ ನಗುತ್ತಿದ್ದರು. ಶಿವಯೋಗಿ ಕಟ್ಟಿಗೆಯ ಕತ್ತಿ ನೆಲಕ್ಕೂರಿ, "ಮೇಡಂ, ಇವ್ರನ್ನ ನೋಡಿ ನಾ ಹೆಂಗ ಅಂಜ್ಲಿರಿ?" ಎಂದು ಗೋಗರೆಯುತ್ತಿದ್ದ.

ಮೂಲೆಯ ಬೆಂಚಿನ ಮೇಲೆ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದ ಯಂಕವ್ವ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಸುಜಾತಾ ಆಫೀಸಿಗೆ ಹೋಗಿದ್ದ ಹೊತ್ತಿಗೆ ಎದ್ದು ಹುಡುಗಿಯರ ಬಳಿ ಬಂದಳು.

"ತಂಗೆವ್ವಾ, ಯಾಕ ಹಂಗ ಒದರ್ತೀರಿ?"

"ದೆವ್ವಲ್ಲೇನ್ರಿ ಅಜ್ಜಿ ನಾವು," ಎಂದಳು ಮಲ್ಲಿಕಾ.

"ಒದರೂದು ಅಂಜಿದವ್ರು. ನೀವು ಯಾರಿಗೆ ಅಂಜೀರಿ? ಕೇಳಾಕ ಬಂದಾಂವ ಅಂಜಿರ್ತಾನ. ನೀವು ದನಿ ಇಳಿಸ್ರಿ. ಎಷ್ಟ ಇಳಿಸ್ತೀರೋ ಅಷ್ಟ ಅಂವ ಹತ್ರ ಬರ್ತಾನ. ಹತ್ರ ಬಂದ ಬಗ್ಗಿ ನಿಂತಾನಲ್ಲ, ಅವಾಗ ಹೇಳ್ರಿ."

"ಹೆಂಗ್ರಿ? ಒಂದ ಸಲ ತೋರಸ್ರೆಲ."

ಯಂಕವ್ವ ಕನ್ನಡಕ ತೆಗೆದು ವಿದ್ಯಾಳ ಕೈಗೆ ಕೊಟ್ಟಳು. ಸೆರಗನ್ನು ತಲೆ ತುಂಬ ಹೊದ್ದು ನೆಲಕ್ಕೆ ಕೂತಳು. ಶಿವಯೋಗಿಯ ಮುಖ ನೋಡಲಿಲ್ಲ. ಅವನ ಪಾದ ನೋಡಿದಳು. ತುಸು ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳ ಹೆಗಲು ಒಂದೇ ಒಂದು ಸಲ ನಡುಗಿತು. ಪಕ್ಕದಲ್ಲಿ ಕೂತ ಮಗುವಿನೊಡನೆ ಆಡುವಷ್ಟು ಸಣ್ಣ ದನಿಯಲ್ಲಿ ಅವಳು ಹೇಳಿದಳು: "ಬಂದೀಯೇನಪಾ. ಬಾ. ನಿನ್ನ ಹಾದೀನ ನೋಡತಿದ್ದೆ."

ಶಿವಯೋಗಿ ಎರಡು ಹೆಜ್ಜೆ ಮುಂದೆ ಬಂದು ಬಗ್ಗಿದ. ಕೈಯಲ್ಲಿದ್ದ ಕತ್ತಿಯನ್ನು ಕಂಕುಳಿಗೆ ಸೇರಿಸಿ ಎರಡೂ ಕೈ ಜೋಡಿಸಿದ್ದು ಅವನಿಗೇ ಗೊತ್ತಾಗಲಿಲ್ಲ. ಬಾಗಿಲಲ್ಲಿ ಸುಜಾತಾ ನಿಂತಿದ್ದಳು.

ಮನೆಗೆ ಬಂದು ಚಹಾಕ್ಕೆ ಇಟ್ಟು, ಅದು ಉಕ್ಕಿದ ಮೇಲೆ ಸುಜಾತಾ ಸಿಡಿದಳು.

"ಯವ್ವಾ, ಅದನ್ನ ಬಿಟ್ಟ ಬರಾಕ ನಮಗ ಎಷ್ಟ ವರ್ಷ ಹಿಡೀತು ಗೊತ್ತೈತಿಲ್ಲ? ಈಗ ನೀ ಅದನ್ನ ನನ್ನ ಹುಡುಗ್ಯಾರಿಗೆ ಕಲಸಾಕತ್ತೀ!"

"ನಿನ್ನ ನಾಟಕದಾಗ ಅವು ಅದಾವಲ್ಲವಾ. ಇದ್ದ ಮ್ಯಾಲೆ ಖರೇ ಇರಲಿ ಅಂದೆ."

ಸುಜಾತಾಳ ಸಿಟ್ಟಿಗೆ ಕಾರಣವಿತ್ತು. ಅವಳು ಸಣ್ಣವಳಿದ್ದಾಗ ಪ್ರತಿ ಮಂಗಳವಾರ ಅವ್ವನ ಮೈಮೇಲೆ ಊರದೇವತೆ ದ್ಯಾಮವ್ವ ಬರುತ್ತಿದ್ದಳು. ಮೊದಲನೆಯ ಕೂಸು ಬಾಣಂತಿ ಕೋಣೆಯಲ್ಲೇ ಹೋದ ಮೇಲೆ ಯಂಕವ್ವನಿಗೆ ಅದು ಶುರುವಾಗಿತ್ತು. ಬೆಳಿಗ್ಗೆ ಹಿತ್ತಲಲ್ಲಿ ಬೇವಿನ ಎಲೆ ಹಾಸಿ ಕೂತರೆ ಸುತ್ತಲಿನ ಹಳ್ಳಿಗಳಿಂದ ಹೇಳಿಕೆ ಕೇಳುವವರು ಬರುತ್ತಿದ್ದರು. ಮಂಗಳವಾರ "ತಾಯಿ" ಎಂದು ಕೈ ಮುಗಿದವರೇ ಬುಧವಾರ ಅವಳನ್ನು ತಮ್ಮ ಮನೆಯ ಕಟ್ಟೆಯ ಕೆಳಗೆ ನಿಲ್ಲಿಸಿ ಮಾತಾಡುತ್ತಿದ್ದರು. ಮಂಗಳವಾರಗಳಂದು ಸುಜಾತಾ ಅವ್ವನನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಜ್ವರದಲ್ಲಿ ಅಳುತ್ತಾ ಓಡಿ ಹೋದ ಮಗಳನ್ನು ಯಂಕವ್ವ ಗುರುತು ಹಿಡಿಯದೆ ನೋಡಿದ್ದಳು. ಆ ನೋಟವನ್ನು ಸುಜಾತಾ ಮರೆತಿರಲಿಲ್ಲ. ಧಾರವಾಡದಲ್ಲಿ ಓದುವಾಗ ಅವಳು ಬುದ್ಧನ ದಾರಿಗೆ ಬಂದಳು. ಅಪ್ಪ ಅವ್ವ ಇಬ್ಬರನ್ನೂ ಹುಬ್ಬಳ್ಳಿಗೆ ಕರೆದೊಯ್ದು ದೀಕ್ಷೆ ಕೊಡಿಸಿದಳು. ಯಂಕವ್ವ ಒಂದು ಮಾತೂ ಎದುರಾಡದೆ ಬಿಳಿ ಸೀರೆ ಉಟ್ಟು ಹೋಗಿದ್ದಳು. ಅವ್ವನನ್ನು ಆ ಹಿತ್ತಲಿನಿಂದ ಬಿಡಿಸಿದವಳು ತಾನು ಎಂಬ ಸಣ್ಣ ಹೆಮ್ಮೆ ಸುಜಾತಾಳಿಗೆ ಇವತ್ತಿಗೂ ಇತ್ತು.

ಮರುದಿನ ಸಂಜೆ ಯಂಕವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೇಳಿದಳು: "ಸುಜಾ, ಆ ನಾಟಕ ಪೂರ್ತಿ ಓದಿ ಹೇಳ್ತೀಯೇನು?"

ಮಗಳ ಸಿಟ್ಟು ಅಷ್ಟರಲ್ಲಿ ಅರ್ಧ ಇಳಿದಿತ್ತು. ಮೂರು ಸಂಜೆ ಓದಿ ಹೇಳಿದಳು. ಯಂಕವ್ವ ಕೇಳುವ ರೀತಿ ಬೇರೆಯೇ. ಅರಸ ಸತ್ತಾಗ "ಪಾಪ" ಎನ್ನಲಿಲ್ಲ, ದಂಡನಾಯಕನ ಹೆಂಡತಿ ಹುಚ್ಚು ಹಿಡಿದು ಕೈ ತೊಳೆಯುವಾಗ ಮಾತ್ರ "ಅಯ್ಯ ನನ ಮಗಳ" ಎಂದು ಕಣ್ಣಿಗೆ ಸೆರಗು ಹಿಡಿದಳು. ಅವಳ ಗಮನವೆಲ್ಲ ಆ ಮೂರು ದೆವ್ವಗಳ ಮೇಲಿತ್ತು.

"ದಂಡನಾಯಕನ ಕೂಡ ಇನ್ನೊಬ್ಬ ಗೆಳ್ಯಾ ಇದ್ದನಲ್ಲ, ಅವನಿಗೂ ಅವು ಹೇಳಿದ್ವು. ನಿನ್ನ ಮಕ್ಕಳು ಅರಸರಾಗ್ತಾರಂತ. ಅಂವ ಯಾಕ ಯಾರನ್ನೂ ಕೊಲ್ಲಲಿಲ್ಲ?"

ಸುಜಾತಾ ಪುಸ್ತಕದಿಂದ ತಲೆ ಎತ್ತಿದಳು. "ಅದನ್ನ ದೊಡ್ಡ ದೊಡ್ಡ ವಿದ್ವಾಂಸ್ರು ಕೇಳ್ಯಾರ ಯವ್ವಾ. ದೆವ್ವಗೋಳು ಅವನ ಕೈಲೆ ಮಾಡ್ಸಿದ್ವೋ, ಇಲ್ಲಾ ಅವನ ಹೊಟ್ಟ್ಯಾಗ ಇದ್ದದ್ದನ್ನ ಬರೇ ಹೇಳಿದ್ವೋ ಅಂತ."

"ಅವ್ರು ಏನಂದ್ರು?"

"ಒಬ್ಬೊಬ್ರು ಒಂದೊಂದು ಅಂದಾರ."

ಯಂಕವ್ವ ನಕ್ಕಳು. ಮೂರನೆಯ ಸಂಜೆ ಎರಡನೆಯ ಭೇಟಿಯ ಭಾಗ ಬಂತು. ಪಟ್ಟವೇರಿದ ದಂಡನಾಯಕ ನಿದ್ದೆಯಿಲ್ಲದೆ, ಮುಂದೇನು ಎಂದು ಕೇಳಲು ತಾನೇ ದೆವ್ವಗಳ ಗವಿಗೆ ಹೋಗುತ್ತಾನೆ.

"ತಡಿ," ಎಂದಳು ಯಂಕವ್ವ. "ಮೊದಲ ಅವು ಇವಗ ಹಾದ್ಯಾಗ ಸಿಕ್ಕಿದ್ವು. ಈಗ ಇವನ ಹುಡಿಕ್ಕೊಂಡ ಹೊಂಟಾನ."

"ಹೌದು."

"ಹಂಗ ಹುಡಿಕ್ಕೊಂಡ ಬಂದವ್ರ ಮಾರಿ ನಾ ನೋಡೇನಿ ಸುಜಾ." ಯಂಕವ್ವನ ಕೈಯಲ್ಲಿನ ಸೊಪ್ಪು ಹಾಗೇ ನಿಂತಿತು. ಮೂವತ್ತು ವರ್ಷದಲ್ಲಿ ಯಾರಿಗೂ ಹೇಳದಿದ್ದದ್ದನ್ನು ಅವಳು ಆಗ ಮಗಳಿಗೆ ಹೇಳಿದಳು.

ಹುಲಗೂರಿನ ಆಚೆ ಒಂದು ಹಳ್ಳಿಯ ಹುಚ್ಚಪ್ಪ ಎಂಬವನು ಒಂದು ಮಂಗಳವಾರ ಬಿಸಿಲಲ್ಲಿ ಸೈಕಲ್ ತುಳಿದು ಬಂದಿದ್ದ. ಅವನ ಊರಿನ ಸಹಕಾರಿ ಸೊಸೈಟಿಗೆ ಅವನ ಸೋದರಮಾವನೇ ಚೇರಮನ್. ತಂದೆಯಿಲ್ಲದ ಹುಚ್ಚಪ್ಪನನ್ನು ಮನೆಯಲ್ಲಿಟ್ಟುಕೊಂಡು ಸಾಕಿ, ಸೊಸೈಟಿಯಲ್ಲಿ ಮೆಂಬರನನ್ನಾಗಿ ಮಾಡಿದವನೂ ಅವನೇ. "ನನ್ನ ಕೈಗೆ ಏನರ ಬರೂದೈತೇನ್ ತಾಯಿ?" ಎಂದು ಹುಚ್ಚಪ್ಪ ಕೇಳಿದ. ಹಾಗೆ ಕೇಳುವಾಗ ಅವನ ಕಣ್ಣು ಹೊಳೆದದ್ದನ್ನು ಯಂಕವ್ವ ಕಂಡಳು. ಬಾಯಿಂದ ಮಾತು ಬಂತು: "ಕುರ್ಚಿ ಖಾಲಿ ಆಗತೈತಿ. ಕುಂದ್ರಾಂವ ನೀನ."

ಅವನು ಹೋಗಿ ಏನು ಮಾಡಿದ ಎಂಬುದು ಎಂಟೇ ದಿನದಲ್ಲಿ ಸೀಮೆಗೆಲ್ಲ ಗೊತ್ತಾಯಿತು. ಮೆಂಬರರನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗಿ ಮೂರು ದಿನ ಬೇರೆ ಊರಲ್ಲಿ ಬಚ್ಚಿಟ್ಟ. ನಾಲ್ಕನೆಯ ದಿನ ತಂದು ಮಾವನ ವಿರುದ್ಧ ಕೈ ಎತ್ತಿಸಿದ. ಕುರ್ಚಿ ಇವನಿಗೆ ಬಂತು. ಮಾವ ಹಾಸಿಗೆ ಹಿಡಿದ. ಅಳಿಯ ತಂದ ನೀರನ್ನೂ ಮುಟ್ಟದೆ ಆರು ತಿಂಗಳಲ್ಲಿ ತೀರಿಕೊಂಡ. ಇನ್ನೆರಡು ತಿಂಗಳಿಗೆ ಅದೇ ಮೆಂಬರರು, ಅದೇ ಟೆಂಪೋ, ಬೇರೊಬ್ಬನ ಮಾತು ಕೇಳಿ ಹುಚ್ಚಪ್ಪನನ್ನೂ ಇಳಿಸಿದರು. ಅವನು ಊರೇ ಬಿಟ್ಟ.

"ಆ ಮಾತು ದ್ಯಾಮವ್ವ ಹೇಳಿದ್ಲೋ, ನಾನ ಹೇಳಿದ್ನೋ, ನನಗ ಗೊತ್ತಿಲ್ಲವಾ," ಎಂದಳು ಯಂಕವ್ವ. "ಅವನ ಮಾವ ಸತ್ತ ಸುದ್ದಿ ಬಂದ ಮುಂದಿನ ಮಂಗಳಾರ ಹಿತ್ತಲದಾಗ ಕುಂತೆ. ಮಂದಿ ಬಂದಿದ್ರು. ಏನೂ ಬರಲಿಲ್ಲ. ನಾನ ಬಾಗಲಾ ಹಾಕ್ಕೊಂಡೆ ಅಂತ ಕಾಣ್ತೈತಿ. ಎದ್ದ ಒಳಗ ಹ್ವಾದೆ. ಮತ್ತ ಕುಂದರಲಿಲ್ಲ."

ಸುಜಾತಾ ಲೆಕ್ಕ ಹಾಕಿದಳು. ಆಗ ತನಗೆ ಎಂಟು ವರ್ಷ, ಹಾಸ್ಟೆಲಿಗೆ ಸೇರಿದ ವರ್ಷ; ರಜೆಗೆ ಬಂದಾಗ ತನಗಾಗಿ ಅವ್ವ ಹಿತ್ತಲಲ್ಲಿ ಕೂರುತ್ತಿಲ್ಲ ಎಂದೇ ತಿಳಿದಿದ್ದಳು. ದೀಕ್ಷೆಗೆ ಹೋದದ್ದು ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ನಡುವೆ ಹದಿನಾಲ್ಕು ವರ್ಷ.

"ಹಂಗಾರ ನಾ ಬಿಡಿಸಿದ್ದಲ್ಲ," ಎಂದಳು ಮೆಲ್ಲಗೆ.

"ನೀ ಅಷ್ಟ ಖುಷೀಲೆ ಕರಕೊಂಡು ಹೊಂಟಿದ್ದಿ. ಯಾಕ ಹೇಳ್ಲಿ?"

"ಅಪ್ಪಗ ಗೊತ್ತೈತೇನು?"

"ಅವ್ರು ಕೇಳಲಿಲ್ಲ. ಹೇಳಿಕಿ ಕೇಳಾಕ ಬಂದವ್ರನ್ನೆಲ್ಲ ಒಂದ ವರ್ಷ ಬಾಗಲದಾಗ ನಿಂತು, 'ಇಲ್ಲರಿ, ಅಕಿಗೆ ಆರಾಮಿಲ್ಲರಿ' ಅಂತ ತಿರಿಗಿ ಕಳಿಸಿದ್ರು. ನನ್ನ ಒಂದ ಮಾತು ಕೇಳಲಿಲ್ಲ."

ಸುಜಾತಾ ಅವ್ವನ ಪಕ್ಕಕ್ಕೆ ಸರಿದು ಕೂತು ಸೊಪ್ಪು ಬಿಡಿಸಲು ಕೈ ಜೋಡಿಸಿದಳು. ಊಟವಾಗಿ ಕೈ ತೊಳೆಯುವಾಗ ಯಂಕವ್ವ ಹೇಳಿದಳು: "ಆ ಹುಚ್ಚಪ್ಪ ಸವಣೂರಾಗ ಅದಾನಂತ. ಗಿರಮಿಟ್ಟಿನ ಅಂಗಡಿ ಇಟ್ಟಾನಂತ. ಒಂದ ಸಲ ನೋಡಿ ಬರ್ಬೇಕು ನಾ."

ಮುಂದಿನ ಭಾನುವಾರ ಹೊರಟರು. ಹಾನಗಲ್ಲಿನಿಂದ ಶಿಗ್ಗಾವಿಗೆ ಒಂದು ಬಸ್ಸು, ಅಲ್ಲಿಂದ ಸವಣೂರಿಗೆ ಇನ್ನೊಂದು. ಶಿಗ್ಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಮಲ್ಲೇಶಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದ. ಎರಡು ವಾರದಿಂದ ಹೆಂಡತಿಯ ಮುಖ ನೋಡದವನು ಹತ್ತಿರ ಬಂದು ಅವಳ ಕಣ್ಣನ್ನೇ ಬಗ್ಗಿ ನೋಡಿದ.

"ನಾ ಛಂದ ಕಾಣ್ತೇನಿಲ್ಲೋ ಈಗ?"

"ನೀವು ಇದ್ದಂಗ ಕಾಣ್ತೀರಿ. ಅದ ತ್ರಾಸ," ಎಂದಳು ಯಂಕವ್ವ. ಬಸ್ಸಿನಲ್ಲಿ ತಾಯಿ ಮಗಳು ಆಧಾರ ಕಾರ್ಡ್ ತೋರಿಸಿ ಪುಕ್ಕಟೆ ಕೂತರು. ಮಲ್ಲೇಶಪ್ಪ ಒಬ್ಬನೇ ಟಿಕೇಟು ತೆಗೆಸಿ, ಗಂಡಸಾಗಿ ಹುಟ್ಟಿದ್ದಕ್ಕೆ ಗೊಣಗಿದ.

ಸವಣೂರಿನ ಬಸ್‌ಸ್ಟ್ಯಾಂಡಿನ ಎದುರು ತಗಡಿನ ಚಪ್ಪರದ ಕೆಳಗೆ ಹುಚ್ಚಪ್ಪನ ಅಂಗಡಿ. ಎಪ್ಪತ್ತರ ಹತ್ತಿರದ ಒಣಕಲು ಮುದುಕ, ದೊಡ್ಡ ಬೋಗುಣಿಯಲ್ಲಿ ಚುರುಮುರಿಗೆ ಉಳ್ಳಾಗಡ್ಡಿ ಒಗ್ಗರಣೆ ಕಲಸುತ್ತಿದ್ದ. ಯಂಕವ್ವ ಅವನ ಎದುರು ನಿಂತು ಕನ್ನಡಕ ತೆಗೆದಳು.

"ಗುರ್ತು ಸಿಗ್ತೇನ್ರಿ?"

ಅವನು ಸೌಟು ಹಿಡಿದೇ ನೋಡಿದ. "ಬೆಂಡಿಗೇರಿ ಯಂಕವ್ವಾರಲ್ಲೇನ್ರಿ? ಬರ್ರಿ ಬರ್ರಿ, ಒಳಗ ಕುಂದರ್ರಿ!" ತನ್ನ ಕುರ್ಚಿಯನ್ನೇ ವಸ್ತ್ರದಿಂದ ಒರೆಸಿ ಕೊಟ್ಟ. ಮೂವರ ಮುಂದೆಯೂ ಗಿರಮಿಟ್ಟಿನ ಪ್ಲೇಟುಗಳು ಬಂದವು, ಮೇಲೆ ಒಂದೊಂದು ಮಿರ್ಚಿ.

ಯಂಕವ್ವ ತಿನ್ನಲಿಲ್ಲ. "ನೀವು ಒಂದ ಮಂಗಳಾರ ನಮ್ಮ ಹಿತ್ತಲಕ ಬಂದಿದ್ರಿ. ನೆನಪೈತೇನ್ರಿ?"

"ನೆನಪಿಲ್ದ ಏನ್ರಿ! ರಣಾರಣಾ ಬಿಸಲು. ನೀವು ತಂಬಿಗಿ ತುಂಬ ಮಜ್ಜಿಗಿ ಕೊಟ್ರಿ. ಮಂದಿ ನೋಡ್ಯಾರು ಅಂತ ಮೊದಲ ಹಿಂದ ಮುಂದ ನೋಡಿದೆ. ಆಮ್ಯಾಲೆ ಗಟಗಟಾ ಕುಡದೆ. ನಿಮ್ಮ ಓಣ್ಯಾಗ ನಾ ಕುಡದದ್ದು ಅದ ಮೊದಲು ನೋಡ್ರಿ."

"ಮಜ್ಜಿಗಿ ಬಿಡ್ರಿ. ನಾ ಏನ್ ಹೇಳಿದ್ದೆ?"

ಹುಚ್ಚಪ್ಪ ಚಪ್ಪರದ ತಗಡು ನೋಡುತ್ತಾ ಯೋಚಿಸಿದ. "ಏನೋ ಒಳ್ಳೇದ ಹೇಳಿರಬೇಕ್ರಿ."

"ಕುರ್ಚಿ ಖಾಲಿ ಆಗತೈತಿ, ಕುಂದ್ರಾಂವ ನೀನ ಅಂದಿದ್ದೆ."

"ಹೌದೇನ್ರಿ?" ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. "ಆ ಹೊತ್ತಿಗೆ ನಾ ಟೆಂಪೋದಂವಗ ಹೇಳಿ ಆಗಿತ್ರಿ. ಐದ ಮಂದಿ ಮೆಂಬರ್ರು ಒಪ್ಪಿದ್ರು. ನಿಮ್ಮ ಕಡೆ ಯಾಕ ಬಂದ್ನಿ ಅಂದ್ರ… ಮನ್ಯಾಗ ಯಾರೂ ಹೂಂ ಅಂದಿರ್ಲಿಲ್ರಿ. ಹೇಣ್ತಿ ಎಲ್ಲಾರಕಿಂತ ಮೊದಲ ಬ್ಯಾಡ ಅಂದಿದ್ಲು. ಒಬ್ರರ ಹೂಂ ಅನ್ನಲಿ ಅಂತ ಬಂದಿದ್ನೇನೋ."

ಯಂಕವ್ವನ ಮುಖ ಕೆಂಪಾಯಿತು. ಸುಜಾತಾ ಅವ್ವನ ತೋಳು ಹಿಡಿದಳು, ಯಂಕವ್ವ ಕೊಸರಿಕೊಂಡಳು.

"ಮೂವತ್ತ ವರ್ಷ ಆತ್ರಿ ನಾ ಅದನ್ನ ಹೊತ್ತು! ನಿಮಗ ನೆನಪೂ ಇಲ್ಲಂದ್ರ ಏನಿದು?"

ಹುಚ್ಚಪ್ಪ ತಪ್ಪು ಮಾಡಿದ ಹುಡುಗನಂತೆ ನಿಂತ. ಗಿರಾಕಿಯೊಬ್ಬ ಬಂದು ಎರಡು ಪ್ಲೇಟು ಕೇಳಿ, ಇಲ್ಲಿನ ಗಾಳಿ ಸರಿಯಿಲ್ಲವೆಂದು ಅರಿತು ಸರಿದು ನಿಂತ.

"ನಾ ಬ್ಯಾಡ ಅಂದಿದ್ರ?" ಎಂದಳು ಯಂಕವ್ವ, ಈಗ ದನಿ ಇಳಿಸಿ.

"ಮತ್ತೊಬ್ರ ಕಡೆ ಹೋಗತಿದ್ನ್ರಿ. ಹೂಂ ಅನ್ನವ್ರು ಸಿಗೂತನಕ." ಅವನು ಬೋಗುಣಿಯ ಅಂಚನ್ನು ಒರೆಸಿದ. "ನಿಮ್ಮ ಮಾತು ನೆನಪಿಲ್ಲಂದ್ನೆಲ್ಲ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮೀಟಿಂಗಿನಾಗ ನಾ ಕೈ ಎತ್ತಿದಾಗ ಮಾವ ನನ್ನ ನೋಡಿದ್ರಲ್ರಿ, ಅದೊಂದು ನೆನಪ ಹೋಗೂದಿಲ್ಲ. ಉಳದದ್ದೆಲ್ಲಾ ಹೋಗೇತಿ."

ಆಮೇಲೆ ಯಂಕವ್ವ ಪ್ಲೇಟು ಹತ್ತಿರ ಎಳೆದುಕೊಂಡು ಗಿರಮಿಟ್ಟು ತಿಂದಳು. ಪೂರ್ತಿ ತಿಂದಳು. ಹೊರಡುವಾಗ ಹುಚ್ಚಪ್ಪ ಒಂದು ಪಾಕೀಟು ಸವಣೂರು ಖಾರಾ ಕಟ್ಟಿಕೊಟ್ಟ, ಬೇಡವೆಂದರೂ ಕೇಳಲಿಲ್ಲ.

ಬಸ್ಸು ಶಿಗ್ಗಾವಿ ಹತ್ತಿರ ಬರುವವರೆಗೂ ಯಂಕವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಂತರ ಅವಳ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ಸುಜಾತಾ ಬಗ್ಗಿದರೆ ಅವ್ವ ನಗುತ್ತಿದ್ದಳು.

"ಅಂವಗ ಮಜ್ಜಿಗಿ ನೆನಪೈತ್ಯಾ!"

"ಮಜ್ಜಿಗಿ ಚಲೋ ಮಾಡ್ತಿದ್ದಿ ನೀ," ಎಂದ ಮಲ್ಲೇಶಪ್ಪ ಹಿಂದಿನ ಸೀಟಿನಿಂದ, ಬಲು ಗಂಭೀರವಾಗಿ. ಅವನು ಆ ದಿನ ಆಡಿದ ದೊಡ್ಡ ಮಾತು ಅದೇ. ನಗುತ್ತಾ ನಗುತ್ತಾ ಯಂಕವ್ವನ ಕಣ್ಣಲ್ಲಿ ನೀರು ಬಂತು. ಆಪರೇಷನ್ ಆದ ಕಣ್ಣು ಉಜ್ಜಬೇಡವೆಂದು ಮಗಳು ಕೈ ಹಿಡಿದುಕೊಂಡಳು.

"ಹಗರಾತೇನ್ ಯವ್ವಾ?" ಎಂದು ಕೇಳಿದಳು ಸುಜಾತಾ.

ಯಂಕವ್ವ ಕೆನ್ನೆಯ ಮೇಲಿನ ನೀರನ್ನು ಸೆರಗಿನಿಂದ ಒರೆಸಿಕೊಂಡಳು. "ಅಂವ ಮಾಡಿದ್ದು ಅವಂದು. ಅದು ನಂದಲ್ಲ, ಇವತ್ತ ತಿಳೀತು. ಆದ್ರ ಒಬ್ರರ ಹೂಂ ಅನ್ನಲಿ ಅಂತ ಬಂದಿದ್ದ. ನಾ ಹೂಂ ಅಂದೆ. ಅಷ್ಟು ನಂದು."

ಸೋಮವಾರ ತಾಲೀಮಿಗೆ ಹೋದವಳು ನೇರವಾಗಿ ನಾಟಕದ ನಡುವೆ ಕೈ ಹಾಕಿದಳು. ಈ ಸಲ ಮಗಳು ತಡೆಯಲಿಲ್ಲ.

"ಮಾತು ಹೇಳಿದ ಮ್ಯಾಲೆ ಈ ದೆವ್ವಗೋಳು ಎಲ್ಲಿ ಹೋಗ್ತಾವ?"

"ಮಾಯ ಆಗ್ತಾವ್ರಿ ಅಜ್ಜಿ," ಎಂದಳು ವಿದ್ಯಾ. "ಪುಸ್ತಕದಾಗ ಹಂಗ ಐತ್ರಿ."

"ಮಂದಿಗೆ ಮಾಯ ಆದಂಗ ಕಾಣ್ತೈತಿ. ಎಲ್ಲೂ ಹೋಗೂದಿಲ್ಲವಾ ಅವು. ಇಲ್ಲೇ ಕುಂತಿರ್ತಾವ. ಅಂವ ಏನ್ ಮಾಡ್ತಾನಂತ ಪೂರಾ ನೋಡ್ಬೇಕು. ನೋಡೂದು ತಪ್ಪೂದಿಲ್ಲ."

ಹುಡುಗಿಯರು ಸುಜಾತಾಳ ಮುಖ ನೋಡಿದರು. ಸುಜಾತಾ ಕೈಯಲ್ಲಿದ್ದ ಹಾಳೆಗಳನ್ನು ಮಡಚಿದಳು. "ಅಜ್ಜಿ ಹೇಳಿದಂಗ ಮಾಡ್ರಿ," ಎಂದಳು.

ಹಾಗೆ ಆ ನಾಟಕ ಬದಲಾಯಿತು. ಕೂದಲು ಬಿಚ್ಚುವುದು, ಬ್ಯಾಟರಿ ಹಿಡಿಯುವುದು ಎಲ್ಲ ಹೋಯಿತು. ಕಳೆ ತೆಗೆದು ಮನೆಗೆ ಹೊರಟ ಹೆಂಗಸರ ಹಾಗೆ ಹಳೆಯ ಸೀರೆ, ತಲೆಗೊಂದು ವಸ್ತ್ರ. ಮೂವರೂ ಮಾತು ಹೇಳಿ ಮುಗಿಸಿ ವೇದಿಕೆಯ ಎಡಗಡೆ ಸಾಲಾಗಿ ಕೂರಬೇಕು. ಕೊಲೆ ನಡೆದರೂ, ಊಟದ ಪಂಕ್ತಿ ನಡೆದರೂ, ಯುದ್ಧ ನಡೆದರೂ ಅಲ್ಲೇ. ಎದ್ದು ಹೋಗುವಂತಿಲ್ಲ, ತಡೆಯುವಂತಿಲ್ಲ. ಮೊದಲೆರಡು ದಿನ ಮಲ್ಲಿಕಾಳಿಗೆ ಕಾಲು ಜೋಮು ಹಿಡಿಯಿತು. ನಾಲ್ಕನೆಯ ದಿನ ಮಾಹೀರಾ ಬಂದು ಯಂಕವ್ವನ ಕಿವಿಯಲ್ಲಿ, "ಅಜ್ಜಿ, ದಂಡನಾಯಕನ ಮಂದಿ ಒಬ್ಬ ಸಣ್ಣ ಹುಡುಗನ್ನ ಕೊಲ್ಲಾಕ ಬರ್ತಾರಲ್ರಿ, ಅದನ್ನ ನೋಡ್ಕೊಂತ ಕುಂದ್ರಾಕ ಆಗವಲ್ದು," ಎಂದಳು. ಯಂಕವ್ವ ಅವಳ ಬೆನ್ನು ಸವರಿ, "ಹೂಂ. ಹಂಗ ಆಗ್ಬೇಕು," ಎಂದಳು.

ಜನವರಿಯಲ್ಲಿ ಕಾಲೇಜಿನ ಬಯಲಲ್ಲಿ ಮಧ್ಯಾಹ್ನ ಪ್ರಯೋಗವಾಯಿತು. ಊರಿನಿಂದ ಮಲ್ಲೇಶಪ್ಪ ಬಂದಿದ್ದ. ದಂಡನಾಯಕ ಬಯಲಿಗೆ ಬಂದ, ದೆವ್ವಗಳು ತಲೆ ಎತ್ತಿದವು, ಅಷ್ಟರಲ್ಲಿ ಕರೆಂಟು ಹೋಗಿ ಮೈಕು ಸತ್ತಿತು. ಮುಂದಿನ ಸಾಲಿನಲ್ಲಿದ್ದ ಲೋಹಿತ ಹಣೆ ಬಡಿದುಕೊಂಡು ಕಂಬದ ಕಡೆ ಓಡಿದ. ಜನ ಗುಜುಗುಜು ಶುರು ಮಾಡಿದರು. ಹುಡುಗಿಯರು ದನಿ ಏರಿಸಲಿಲ್ಲ. ತಮ್ಮ ಪಾಡಿಗೆ ತಾವು, ಪಿಸುಗುಟ್ಟುವುದಕ್ಕಿಂತ ಒಂದಿಷ್ಟೇ ಮೇಲೆ, ಹೇಳುತ್ತಲೇ ಹೋದರು. ಮುಂದಿನ ಸಾಲು ಸುಮ್ಮನಾಯಿತು. ಆಮೇಲೆ ಅದರ ಹಿಂದಿನದು. ಕೊನೆಗೆ ಬೇಲಿಯ ಮೇಲೆ ಕೂತ ಹುಡುಗರೂ ಕತ್ತು ಮುಂದೆ ಚಾಚಿ ಕೂತರು. ಹತ್ತು ನಿಮಿಷದಲ್ಲಿ ಕರೆಂಟು ಬಂತು. ಲೋಹಿತ ಬೆವರಿಳಿಸುತ್ತಾ ಹಿಂತಿರುಗಿದಾಗ ಯಾರೂ ಅವನ ಕಡೆ ನೋಡಲಿಲ್ಲ, ಅವನಿಗೆ ಸ್ವಲ್ಪ ಬೇಸರವೂ ಆಯಿತು.

ಕೊನೆಯ ದೃಶ್ಯದಲ್ಲಿ ದಂಡನಾಯಕ ಬಿದ್ದ. ಶಿವಯೋಗಿ ಬೀಳುವ ಮೊದಲು ಎಡಗಡೆ ತಿರುಗಿ ಆ ಮೂವರನ್ನು ನೋಡಿದ. ಅದನ್ನು ಯಾರೂ ಕಲಿಸಿರಲಿಲ್ಲ. ಮಾಹೀರಾ ಅಳುತ್ತಿದ್ದಳು. ಮಲ್ಲಿಕಾ, ವಿದ್ಯಾ ತಲೆ ಬಗ್ಗಿಸಲಿಲ್ಲ, ನೋಡುತ್ತಲೇ ಇದ್ದರು. ಪ್ರಾಚಾರ್ಯರು ಮೈಕಿನಲ್ಲಿ ಸುಜಾತಾ ಮೇಡಂ ಅವರ ಕಲ್ಪನೆಯನ್ನು ಹೊಗಳಿದಾಗ, ಸುಜಾತಾ ಮೈಕು ಇಸಿದುಕೊಂಡು, "ಅದು ನಮ್ಮ ಅವ್ವಂದ್ರಿ," ಎಂದಳು. ಯಂಕವ್ವ ನಾಚಿ ಮಲ್ಲೇಶಪ್ಪನ ಬೆನ್ನ ಹಿಂದೆ ಸರಿದಳು.

ಫೆಬ್ರವರಿಯಲ್ಲಿ ಹಿರೇಕೆರೂರಿನ ಒಂದು ಕಾಲೇಜಿನವರು ಕರೆದರು. ಅಷ್ಟು ಹೊತ್ತಿಗೆ ಯಂಕವ್ವನ ಕಣ್ಣು ವಾಸಿಯಾಗಿ ಅವಳು ಊರು ಸೇರಿದ್ದಳು. ಆದರೆ ಅಜ್ಜಿ ಬರದಿದ್ದರೆ ನಾವೂ ಹೋಗುವುದಿಲ್ಲ ಎಂದು ಮೂರೂ ಹುಡುಗಿಯರು ಹಟ ಹಿಡಿದದ್ದರಿಂದ ಮತ್ತೆ ಬಂದಳು. ಅಲ್ಲಿ ನಾಟಕ ಮುಗಿದ ಮೇಲೆ ಮಧ್ಯವಯಸ್ಸಿನ ಹೆಂಗಸೊಬ್ಬಳು ವೇದಿಕೆಯ ಹಿಂದೆ ಬಂದು ನಿಂತಳು. ಅಜ್ಜಿಗೆ ಹೇಳಿಕೆ ಬರುತ್ತಿತ್ತಂತೆ ಎಂದು ಯಾವ ಹುಡುಗಿಯೋ ಬಾಯಿ ಬಿಟ್ಟಿದ್ದಳು.

"ಯವ್ವಾ, ನನ್ನ ಮಗಳು ನರ್ಸಿಂಗ್ ಓದಾಕ ದಾವಣಗೇರಿಗೆ ಹೊಕ್ಕೇನಿ ಅಂತಾಳ್ರಿ. ಮನ್ಯಾಗ ಭಾವಂದಿರು ಬ್ಯಾಡ ಅಂತಾರ. ಕಳಿಸ್ಲೋ ಬ್ಯಾಡೋ, ಒಂದ ಮಾತ ಹೇಳ್ರಿ."

ಯಂಕವ್ವ ಅವಳ ಮುಖ ನೋಡಿದಳು. ಉತ್ತರ ಅಲ್ಲೇ ಇತ್ತು, ಓದುವಷ್ಟು ಸ್ಪಷ್ಟವಾಗಿ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು.

"ನನಗ ಏನೂ ಬರೂದಿಲ್ಲವಾ. ಬಂದ್ರೂ ಹೇಳೂದಿಲ್ಲ. ಬಾ, ಕುಂದರು. ನಿನ್ನ ಹೆಸರೇನು?"

"ಸುಶೀಲವ್ವ ಅಂತಾರ್ರಿ."

"ಸುಶೀಲವ್ವಾ, ನಿನ್ನ ಮಗಳ ಸುದ್ದಿ ಹೇಳು. ಎಂಥಾಕಿ ಅಕಿ?"

ಸುಶೀಲವ್ವ ಮೆಟ್ಟಿಲ ಮೇಲೆ ಕೂತಳು. ಮಗಳು ಹತ್ತನೆಯ ಇಯತ್ತೆಯಲ್ಲಿ ಮಾಡಿದ ಮಾರ್ಕು, ಅಜ್ಜನಿಗೆ ಲಕ್ವಾ ಹೊಡೆದಾಗ ಆರು ತಿಂಗಳು ಮಾಡಿದ ಸೇವೆ, ಅವಳ ಹಟ, ಅವಳಿಗೆ ಬರದ ಅಡುಗೆ, ಎಲ್ಲ ಹೇಳಿದಳು. ವಿದ್ಯಾ ಎರಡು ಕಪ್ಪು ಚಹಾ ತಂದುಕೊಟ್ಟಳು. ಅರ್ಧ ತಾಸಿನ ಮೇಲೆ ಸುಶೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಕಳಸ್ತೇನ್ರಿ ಯವ್ವಾ. ಯಾರ ಏನ ಅಂದ್ರೂ ಕಳಸ್ತೇನಿ," ಎಂದು ಯಂಕವ್ವನ ಕೈ ಹಿಡಿದು, ಗೇಟಿನ ಕಡೆ ಬಿರಬಿರನೆ ನಡೆದಳು.

ಹಾನಗಲ್ಲಿಗೆ ಹೋಗುವ ಗಾಡಿ ಹಾರ್ನು ಹೊಡೆಯುತ್ತಿತ್ತು. ಸುಜಾತಾ ಓಡುತ್ತಾ ಬಂದಳು. "ಯವ್ವಾ, ಯಾರದು? ಏನ್ ಕೇಳಿದ್ಲು? ನೀ ಏನ್ ಹೇಳಿದಿ?"

"ಹೆಸರ ಕೇಳಿದೆ," ಎಂದಳು ಯಂಕವ್ವ. ಗಾಡಿ ಹತ್ತಿ, ಹುಡುಗಿಯರು ಕಾದಿರಿಸಿದ್ದ ಕಿಟಕಿಯ ಸೀಟಿನಲ್ಲಿ ಕೂತು, ಸರಿದು ಕೂತು ಮಗಳಿಗೂ ಜಾಗ ಮಾಡಿಕೊಟ್ಟಳು.